ಜೊತೆಗಾರ ಹೋದಮೇಲೆ ಪ್ರಾಣಿಗಳೂ ಕೊರಗುತ್ತವೆಯೇ?

ಇವತ್ತಿನ ಪ್ರಶ್ನೆ ಬಂದಿರೋದು ಕತಾರ್‌ನ ದೋಹಾದಿಂದ. ಕೇಳುಗರೊಬ್ಬರ ಮನೆಯಲ್ಲಿ ಎರಡು ನಾಯಿಗಳಿದ್ದವು. ದೊಡ್ಡದು ತೀರಿಕೊಂಡಿತು. ಚಿಕ್ಕದು ಈಗ ಸರಿಯಾಗಿ ತಿನ್ನಲ್ಲ, ಬಾಗಿಲ ಹತ್ತಿರವೇ ಮಲಗಿರುತ್ತೆ. "ಇದು ನಿಜವಾಗಲೂ ದುಃಖವಾ, ಇಲ್ಲಾ ನಮಗೆ ಹಾಗೆ ಕಾಣ್ತಿದೆಯಾ? ಇನ್ನೊಂದು ನಾಯಿ ತಂದರೆ ಸರಿಹೋಗುತ್ತಾ?" ಅಂತ ಕೇಳಿದ್ದಾರೆ.

ಅವರು ಇರುವುದು ಒಂಟೆಗಳ ನಾಡಿನಲ್ಲಿ. ಅಲ್ಲಿಂದಲೇ ಶುರು ಮಾಡೋಣ. ಒಂಟೆಯ ಕೆಚ್ಚಲಲ್ಲಿ ಮೊದಲೇ ಇಳಿದು ನಿಂತಿರುವ ಹಾಲು ಬಹಳ ಕಡಿಮೆ. ಮರಿ ಬಂದು ಬಾಯಿ ಹಾಕಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಹೊರಟು ಹಾಲು ಇಳಿಯುತ್ತೆ. ಹಸು ಸೊರ ಬಿಡೋದು ಅಂತೀವಲ್ಲ, ಅದೇ. ಮರಿ ಸತ್ತರೆ ಹಾಲೂ ನಿಲ್ಲಬಹುದು. ಅದಕ್ಕೇ ಅರಬ್ ಅಲೆಮಾರಿಗಳು ಸತ್ತ ಮರಿಯ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಅದಕ್ಕೆ 'ಬವ್ವ್' ಅಂತ ಹೆಸರು. ಏಳನೇ ಶತಮಾನದ ಕವಯಿತ್ರಿ ಅಲ್-ಖನ್ಸಾ, ತೀರಿಹೋದ ಸಹೋದರ ಸಖ್ರ್‌ನಿಗಾಗಿ ಅಳುತ್ತಾ, ಬವ್ವ್ ಸುತ್ತ ಸುತ್ತುವ ಒಂಟೆಗೆ ತನ್ನನ್ನು ಹೋಲಿಸಿಕೊಂಡಳು.

ಹಾಲು ಕರೆಯುವವರಿಗೆ ಆ ಸುತ್ತಾಟದಲ್ಲಿ ಮರಿಯ ವಾಸನೆಯ ಪ್ರಭಾವ ಕಂಡಿತು, ಕವಯಿತ್ರಿಗೆ ಶೋಕ ಕಂಡಿತು. ವಿಜ್ಞಾನಿಗಳ ಕಷ್ಟವೂ ಇದೇ. ಪ್ರಾಣಿಯ ಮನಸ್ಸನ್ನು ನೇರವಾಗಿ ಕೇಳೋಕೆ ಆಗಲ್ಲ, ನಡವಳಿಕೆಯ ಬದಲಾವಣೆಯನ್ನಷ್ಟೇ ದಾಖಲಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ಮಾಡಿದ್ದು ಇದನ್ನೇ. ಯೂಟ್ಯೂಬ್ ವಿಡಿಯೊಗಳಿಂದ ಏಷ್ಯಾದ ಆನೆಗಳ 24 ಸಾವಿನ ಪ್ರಸಂಗಗಳನ್ನು ಆಯ್ದು ನೋಡಿದರು. ಆನೆಗಳು ಸತ್ತ ಆನೆಯನ್ನು ಮುಟ್ಟಿ ಮೂಸುತ್ತಿದ್ದವು, ಪಕ್ಕದಲ್ಲೇ ಕಾಯುತ್ತಿದ್ದವು. ಸತ್ತ ಮರಿಯನ್ನು ಹೊತ್ತು ನಡೆದ ಆನೆಗಳೂ ಇದ್ದವು.

ನಾಯಿಗಳ ವಿಷಯಕ್ಕೆ ಬರೋಣ. ಅದೇ 2022ರಲ್ಲಿ ಇಟಲಿಯ ಅಧ್ಯಯನವೊಂದು, ಎರಡು ನಾಯಿಗಳಲ್ಲಿ ಒಂದನ್ನು ಕಳೆದುಕೊಂಡ 426 ಜನರನ್ನು ವಿಚಾರಿಸಿತು. ಉಳಿದ ನಾಯಿಯಲ್ಲಿ ಬದಲಾವಣೆ ಕಂಡಿದೆ ಅಂದವರು ಶೇ. 86. ಆಟ ಕಡಿಮೆಯಾಯಿತು ಅಂದವರು ಶೇ. 57, ಊಟ ಕಡಿಮೆಯಾಯಿತು ಅಂದವರು ಶೇ. 32. ಎಷ್ಟು ವರ್ಷ ಒಟ್ಟಿಗಿದ್ದವು, ಶವವನ್ನು ನೋಡಿತೋ ಇಲ್ಲವೋ ಅನ್ನೋದರಿಂದ ವ್ಯತ್ಯಾಸವಾಗಲಿಲ್ಲ. ಎರಡರ ನಡುವೆ ಸ್ನೇಹ ಹೇಗಿತ್ತು ಅನ್ನೋದು ಮುಖ್ಯವಾಗಿತ್ತು.

ಇನ್ನೊಂದು ವಿಷಯ. ಮಾಲೀಕರ ದುಃಖಕ್ಕೂ ನಾಯಿಯ ಅಂಜಿಕೆಗೂ ಸಂಬಂಧ ಕಂಡುಬಂತು. ನಾಯಿ ನಮ್ಮನ್ನು ಗಮನಿಸುತ್ತಿರಬಹುದು, ಅಥವಾ ದುಃಖದಲ್ಲಿರುವ ನಮ್ಮ ಕಣ್ಣಿಗೆ ಅದು ಹೆಚ್ಚು ಬಾಡಿದಂತೆ ಕಾಣಬಹುದು. ಈ ಲೆಕ್ಕಗಳೆಲ್ಲ ಮಾಲೀಕರು ಹೇಳಿದ್ದು ಅನ್ನೋದನ್ನ ಮರೆಯಬಾರದು.

ಹಾಗಾದರೆ ಏನು ಮಾಡೋದು? ಮೊದಲು ಪಶುವೈದ್ಯರಿಗೆ ತೋರಿಸಿ. ಕಾಯಿಲೆ ಇದ್ದರೂ, ದೋಹಾದ ಬಿಸಿಲು ತಗುಲಿದ್ದರೂ ನಾಯಿ ಊಟ ಬಿಡುತ್ತೆ. ಎಲ್ಲವನ್ನೂ 'ಕೊರಗು' ಅಂತ ಬಿಟ್ಟುಬಿಡೋದು ಅಪಾಯ. ಆಮೇಲೆ ಊಟ, ಓಡಾಟದ ಹೊತ್ತು ತಪ್ಪಿಸಬೇಡಿ. ಆ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದ ನಾಯಿಗಳಲ್ಲಿ ಬದಲಾವಣೆ ಎರಡರಿಂದ ಆರು ತಿಂಗಳು ಇತ್ತು, ಹಾಗಾಗಿ ತಾಳ್ಮೆ ಬೇಕು. ಇನ್ನೊಂದು ನಾಯಿಯನ್ನು ಅವಸರದಲ್ಲಿ ತರಬೇಡಿ. ಅದು ಕಳೆದುಹೋದ ಗೆಳೆಯನಲ್ಲ, ಹೊಸಬ. ಹೊಸಬರ ಜೊತೆ ಒಗ್ಗಿಕೊಳ್ಳೋಕೆ ಸಮಯ ಹಿಡಿಯುತ್ತೆ.

ಅದು ನಮ್ಮ ಹಾಗೇ ದುಃಖಪಡುತ್ತೆ ಅಂತ ವಿಜ್ಞಾನ ಇನ್ನೂ ಹೇಳಲ್ಲ. ಆದರೆ ಅದರ ಬದುಕಲ್ಲಿ ಏನೋ ಕಡಿಮೆಯಾಗಿದೆ ಅನ್ನೋದಂತೂ ನಿಜ. ಬಾಗಿಲ ಹತ್ತಿರ ಅದರ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳೋಕೆ ಅಷ್ಟು ಸಾಕು.