ಮರುಹುಟ್ಟು ಪಡೆದ ಬಂದೂಕುಗಳು: ಅವುಗಳನ್ನು ಓದುವ ಬಗೆ

ಯುದ್ಧ ಮುಗಿದ ಬಳಿಕ ಸೈನ್ಯಕ್ಕೆ ಬೇಡವಾಗಿ ಹೊರಬೀಳುವ ಹಳೆಯ ಬಂದೂಕುಗಳನ್ನು ಸಂಗ್ರಹಿಸುವ ಹವ್ಯಾಸವು ಹಲವು ದೇಶಗಳಲ್ಲಿದೆ. ನಾಣ್ಯಗಳ ಸಂಗ್ರಾಹಕನಿಗೆ ಸಾಮಾನ್ಯವಾಗಿ ಇಲ್ಲದ ಒಂದು ತೊಡಕು ಈ ಸಂಗ್ರಾಹಕನಿಗಿದೆ. ನಾಣ್ಯವು ಟಂಕಸಾಲೆಯನ್ನು ಬಿಟ್ಟ ಮೇಲೆ ಸವೆಯಬಹುದೇ ಹೊರತು ಬೇರೊಂದು ನಾಣ್ಯವಾಗುವುದು ಅಪರೂಪ. ಬಂದೂಕಿನ ಸಂಗತಿ ಹಾಗಲ್ಲ. ಅದು ಒಂದು ದೇಶದಲ್ಲಿ ಹುಟ್ಟಿ, ಎರಡನೆಯದರ ಸೈನ್ಯದಲ್ಲಿ ದುಡಿದು, ಮೂರನೆಯದರ ಕೈಗೆ ಸಿಕ್ಕಿ, ಅಲ್ಲಿ ಹೊಸ ನಳಿಕೆ, ಹೊಸ ಮರ, ಹೊಸ ಮುದ್ರೆಗಳನ್ನು ಪಡೆದು ಮತ್ತೊಮ್ಮೆ ಯುದ್ಧಕ್ಕೆ ಹೋಗಿರಬಹುದು. ಅಂಥ ಬಂದೂಕನ್ನು ಮುಂದಿಟ್ಟುಕೊಂಡು 'ಇದು ಯಾವ ದೇಶದ್ದು, ಯಾವ ವರ್ಷದ್ದು?' ಎಂದು ಕೇಳಿದರೆ ಒಂದೇ ಉತ್ತರ ದೊರೆಯುವುದಿಲ್ಲ. ಒಂದೊಂದು ಭಾಗವೂ ತನ್ನದೇ ಆದ ಉತ್ತರವನ್ನು ಕೊಡುತ್ತದೆ. ಆ ಉತ್ತರಗಳನ್ನು ಬೇರೆ ಬೇರೆಯಾಗಿ ಕೇಳಿ, ಬಳಿಕ ಜೋಡಿಸುವುದು ಹೇಗೆ ಎಂಬುದನ್ನು ಫಿನ್ಲೆಂಡಿನ ಬಂದೂಕುಗಳ ನಿದರ್ಶನದಿಂದ ತಿಳಿಯೋಣ.

ಸಣ್ಣ ದೇಶದ ದೊಡ್ಡ ಸಮಸ್ಯೆ

ರಷ್ಯವು ೧೮೯೧ರಲ್ಲಿ ಮೋಸಿನ್-ನಗಾಂತ್ ಎಂಬ ರೈಫಲನ್ನು ತನ್ನ ಸೈನ್ಯಕ್ಕೆ ಅಂಗೀಕರಿಸಿತು. ಆಗ ಫಿನ್ಲೆಂಡು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟ ಸಂಸ್ಥಾನ. ೧೯೧೭ರ ಡಿಸೆಂಬರ್ ೬ರಂದು ಅದು ಸ್ವಾತಂತ್ರ್ಯವನ್ನು ಘೋಷಿಸಿಕೊಂಡಾಗ ರಷ್ಯದ ಸೈನ್ಯದ ಉಗ್ರಾಣಗಳಲ್ಲಿದ್ದ ಬಹುಸಂಖ್ಯೆಯ ಮೋಸಿನ್-ನಗಾಂತ್‌ಗಳು ಅದರ ವಶವಾದವು. ಮುಂದೆ ಯೂರೋಪಿನ ಇತರ ದೇಶಗಳಿಂದಲೂ ಇಂಥವನ್ನೇ ಅದು ಕೊಂಡುಕೊಂಡಿತು. ೧೯೩೯ರ ನವೆಂಬರ್ ೩೦ರಿಂದ ೧೯೪೦ರ ಮಾರ್ಚ್ ೧೩ರವರೆಗೆ ನಡೆದ ಚಳಿಗಾಲದ ಯುದ್ಧದಲ್ಲಿಯೂ, ೧೯೪೧ರಿಂದ ೧೯೪೪ರವರೆಗಿನ ಮುಂದಿನ ಯುದ್ಧದಲ್ಲಿಯೂ ಸೋವಿಯೆತ್ ಸೈನ್ಯದಿಂದ ಇನ್ನಷ್ಟು ಬಂದೂಕುಗಳು ಸಿಕ್ಕಿದವು.

ಬಂದೂಕಿನಲ್ಲಿ ಎಲ್ಲಕ್ಕಿಂತ ಕಷ್ಟಪಟ್ಟು ತಯಾರಿಸಬೇಕಾದ ಭಾಗವು ರಿಸೀವರ್. ನಳಿಕೆಯ ಹಿಂತುದಿಯನ್ನು ತಿರುಪಿನಿಂದ ಹಿಡಿದು, ಬಾಗಿಲ ಅಗುಳಿಯಂತೆ ಹಿಂದೆ ಮುಂದೆ ಸರಿಯುವ ಬೋಲ್ಟಿಗೆ ಮನೆಯಾಗಿರುವ ಉಕ್ಕಿನ ಚೌಕಟ್ಟು ಅದು. ಮೋಸಿನ್-ನಗಾಂತ್‌ನ ರಿಸೀವರನ್ನು ಫಿನ್ಲೆಂಡು ಎಂದೂ ತಾನೇ ತಯಾರಿಸಲಿಲ್ಲ. ಹಳೆಯ ರಿಸೀವರನ್ನು ಉಳಿಸಿಕೊಂಡು, ಸವೆದ ನಳಿಕೆಯನ್ನು ತೆಗೆದು, ಹೊಸದನ್ನು ತೊಡಿಸಿ, ತನ್ನ ಹವೆಗೂ ತನ್ನ ಸೈನಿಕರಿಗೂ ಒಪ್ಪುವಂತೆ ಅದನ್ನು ಪುನಃ ರೂಪಿಸಿತು. ಎಂ/೨೪, ಎಂ/೨೭, ಎಂ/೨೮, ಎಂ/೨೮-೩೦ ಎಂಬ ಮಾದರಿಗಳು ಹೀಗೆ ಒಂದರ ಹಿಂದೊಂದು ಬಂದವು. ಕೊನೆಯದಾದ ಎಂ/೩೯ ಮಾದರಿಯು ಯುದ್ಧಕ್ಕೆ ಮುಂಚೆಯೇ ಅಂಗೀಕೃತವಾಗಿದ್ದರೂ ಅದರ ಮುಖ್ಯ ಉತ್ಪಾದನೆ ೧೯೪೧ರಿಂದ ೧೯೪೫ರ ಅವಧಿಯಲ್ಲಿ ನಡೆಯಿತು; ಸುಮಾರು ಒಂದು ಲಕ್ಷ ಬಂದೂಕುಗಳು ಸಿದ್ಧವಾದವು.

ಮುದ್ರೆ ಹೇಳುವುದೆಷ್ಟು?

ಹೊಸ ಸಂಗ್ರಾಹಕನು ನಳಿಕೆಯ ಮೇಲಿನ ಇಸವಿಯನ್ನು ಓದಿ ಅದೇ ಬಂದೂಕಿನ ವಯಸ್ಸೆಂದು ತೀರ್ಮಾನಿಸುವುದುಂಟು. ಇದು ಸರಿಯಾದ ಕ್ರಮವಲ್ಲ. ಯಾವ ಮುದ್ರೆಯಾದರೂ ತಾನಿರುವ ಭಾಗದ ಬಗೆಗೆ ಮಾತ್ರ ಸಾಕ್ಷಿ ನುಡಿಯುತ್ತದೆ. ಇದೇ ಈ ಶಾಸ್ತ್ರದ ಮೊದಲ ಸೂತ್ರ.

ಎಂ/೩೯ರ ನಳಿಕೆಯ ಮೇಲೆ ಅದನ್ನು ತಯಾರಿಸಿದ ಕಾರ್ಖಾನೆಯ ಗುರುತೂ ಇಸವಿಯೂ ಇರುತ್ತವೆ. 'ಸಾಕೋ' ಎಂಬ ಗುರುತು ಸಿವಿಲ್ ಗಾರ್ಡ್ ಎಂಬ ಸ್ವಯಂಸೇವಕ ಪಡೆಯ ಕಾರ್ಖಾನೆಯದು, 'ವಿ.ಕೆ.ಟಿ.' ಎಂಬುದು ಸರ್ಕಾರಿ ರೈಫಲ್ ಕಾರ್ಖಾನೆಯದು. ಚೌಕದೊಳಗಿನ 'ಎಸ್.ಎ.' ಎಂಬ ಅಕ್ಷರಗಳು ಫಿನ್ಲೆಂಡಿನ ಸೈನ್ಯದ ಸ್ವತ್ತೆಂಬುದಕ್ಕೆ ೧೯೪೨ರಿಂದ ಬಳಕೆಗೆ ಬಂದ ಮುದ್ರೆ. ಇದನ್ನು ಅದಕ್ಕಿಂತ ಹಳೆಯ ಬಂದೂಕುಗಳ ಮೇಲೂ ಒತ್ತಲಾಯಿತಾದ್ದರಿಂದ ಬಂದೂಕು ತಯಾರಾದ ವರ್ಷವನ್ನು ಇದು ಹೇಳಲಾರದು. ಆ ಕಾಲದಲ್ಲಿ ಅದು ಯಾರ ಕೈಯಲ್ಲಿತ್ತೆಂಬುದನ್ನಷ್ಟೇ ಹೇಳಬಲ್ಲದು. 'ಡಿ' ಎಂಬ ಅಕ್ಷರವು ತೋಟಾ ಕೂರುವ ಗೂಡನ್ನು ಫಿನ್ಲೆಂಡಿನ ಡಿ-೧೬೬ ಎಂಬ ಭಾರವಾದ ಗುಂಡಿಗೆ ಹೊಂದಿಸಲಾಗಿದೆಯೆಂಬುದನ್ನು ಸೂಚಿಸುತ್ತದೆ.

ಇವೆಲ್ಲ ಹೊರಗೆ ಕಾಣುವ ಗುರುತುಗಳು. ರಿಸೀವರಿನ ಜನ್ಮಪತ್ರಿಕೆ ಅದರ ಬಾಲದ ಕೆಳಮೈಯಲ್ಲಿ ಅಡಗಿರುತ್ತದೆ. ಮರವನ್ನು ಬಿಚ್ಚಿದ ಹೊರತು ಅದು ಕಾಣದು. ಅಲ್ಲಿ ಬಿಲ್ಲುಬಾಣವಿದ್ದರೆ ಅದು ರಷ್ಯದ ಇಷೆವ್‌ಸ್ಕ್ ಕಾರ್ಖಾನೆಯದು, ಸುತ್ತಿಗೆಯಿದ್ದರೆ ತೂಲಾದ್ದು. ಫ್ರಾನ್ಸಿನ ಶಾತೆಲ್‌ರೋ ಕಾರ್ಖಾನೆಯ ಗುರುತೂ ಕಾಣಬಹುದು. ಏಕೆಂದರೆ ೧೮೯೦ರ ದಶಕದ ಆರಂಭದಲ್ಲಿ ರಷ್ಯವು ಅಲ್ಲಿ ಸುಮಾರು ಐದು ಲಕ್ಷ ಬಂದೂಕುಗಳನ್ನು ಮಾಡಿಸಿಕೊಂಡಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೆಮಿಂಗ್ಟನ್ ಮತ್ತು ವೆಸ್ಟಿಂಗ್‌ಹೌಸ್ ಸಂಸ್ಥೆಗಳೂ ಇದನ್ನು ತಯಾರಿಸಿದ್ದವು.

ಅರ್ಷಿನ್ ಮತ್ತು ಮೀಟರ್

ಬಂದೂಕಿನ ಮೇಲೆ ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಗುರಿಪಟ್ಟಿಯಿರುತ್ತದೆ. ಸಾಮ್ರಾಜ್ಯ ಕಾಲದ ರಷ್ಯದ ಗುರಿಪಟ್ಟಿಗಳನ್ನು ಅಲ್ಲಿನ ಹಳೆಯ ಅಳತೆಯಾದ ಅರ್ಷಿನ್‌ನಲ್ಲಿ ಗುರುತು ಮಾಡಿದ್ದರು. ಒಂದು ಅರ್ಷಿನ್ ಎಂದರೆ ೨೮ ಅಂಗುಲ, ಅಂದರೆ ೭೧.೧೨ ಸೆಂಟಿಮೀಟರ್. ಮೀಟರಿನಲ್ಲಿ ಎಣಿಸಲು ಕಲಿತ ಸೈನಿಕನು ಶತ್ರುವು ೧,೦೦೦ ಮೀಟರ್ ದೂರದಲ್ಲಿರುವನೆಂದು ಅಂದಾಜುಮಾಡಿ ಪಟ್ಟಿಯನ್ನು '೧೦' ಎಂಬ ಗೆರೆಗೆ ಇಟ್ಟನೆನ್ನಿ. ಬಂದೂಕು ೧,೦೦೦ ಅರ್ಷಿನ್‌ಗೆ, ಎಂದರೆ ಸುಮಾರು ೭೧೧ ಮೀಟರಿಗೆ ಮಾತ್ರ ಸಜ್ಜಾಗುತ್ತದೆ. ಗುಂಡು ಗುರಿಯನ್ನು ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತದೆ. ಆದುದರಿಂದ ಫಿನ್ಲೆಂಡಿನವರು ಹಳೆಯ ಪಟ್ಟಿಗಳ ಮೇಲೆ ಮೀಟರಿನ ಅಂಕಿಗಳನ್ನು ಹೊಸದಾಗಿ ಒತ್ತಿದರು. ಹೆಸರಿನ ಮುದ್ರೆಯೊಂದೂ ಇಲ್ಲದಿದ್ದರೂ ಈ ಅಂಕಿಗಳೇ ಬಂದೂಕಿನ ಪಯಣವನ್ನು ಹೇಳಬಲ್ಲವು.

ನಳಿಕೆಯ ವ್ಯಾಸ

ರೈಫಲಿನ ನಳಿಕೆಯೊಳಗೆ ಸುರುಳಿಯಾಕಾರದ ತೋಡುಗಳಿರುತ್ತವೆ. ತೋಡುಗಳ ನಡುವೆ ಉಳಿಯುವುದು ದಿಣ್ಣೆ. ೭.೬೨ ಮಿಲಿಮೀಟರ್ ಎಂಬುದು ಎದುರುಬದುರಿನ ದಿಣ್ಣೆಗಳ ನಡುವಣ ಅಂತರ. ಗುಂಡಿನ ವ್ಯಾಸ ಇದಕ್ಕಿಂತ ಹೆಚ್ಚು; ಅದು ತೋಡುಗಳನ್ನು ತುಂಬಿಕೊಂಡು, ತಿರುಗುತ್ತ ಮುಂದೆ ಸಾಗಬೇಕು. ಎಂ/೨೮-೩೦ರಲ್ಲಿ ತೋಡುಗಳ ವ್ಯಾಸ ಸುಮಾರು ೭.೮೩ ಮಿಲಿಮೀಟರ್, ಸೋವಿಯೆತ್ ಗುಂಡಿನ ವ್ಯಾಸ ಸುಮಾರು ೭.೯. ಬಿಗಿಯಾದ ನಳಿಕೆಯಲ್ಲಿ ದಪ್ಪ ಗುಂಡನ್ನು ಹಾರಿಸಿದರೆ ಅನಿಲದ ಒತ್ತಡವು ಏರುತ್ತದೆ. ಶತ್ರುವಿನಿಂದ ಸಿಕ್ಕಿದ ತೋಟಾಗಳನ್ನೂ ಬಳಸುವಂತಾಗಬೇಕೆಂದು ಎಂ/೩೯ರ ನಳಿಕೆಯನ್ನು ಕೊಂಚ ಅಗಲವಾಗಿ ಕೊರೆದರು. ಮೆದುವಾದ ಸೀಸದ ಉಂಡೆಯೊಂದನ್ನು ನಳಿಕೆಯಲ್ಲಿ ತೂರಿಸಿ, ಹೊರಬಂದುದನ್ನು ಮೈಕ್ರೊಮೀಟರಿನಿಂದ ಅಳೆದರೆ ಈ ವ್ಯತ್ಯಾಸವು ಕೈಗೆ ಸಿಗುತ್ತದೆ. ಮಾದರಿಯನ್ನು ಗುರುತಿಸುವುದರಲ್ಲಿ ಮಿಲಿಮೀಟರಿನ ನೂರನೆಯ ಅಂಶಕ್ಕೂ ಬೆಲೆಯಿದೆ.

ಬೋಲ್ಟಿನದು ಇನ್ನೂ ಗಂಭೀರವಾದ ವಿಷಯ. ಈ ತೋಟಾದ ಬುಡದಲ್ಲಿ ಹೊರಚಾಚಿದ ಅಂಚಿದೆ. ನಳಿಕೆಯ ಹಿಂಬದಿಗೂ ಬೋಲ್ಟಿನ ಮುಖಕ್ಕೂ ನಡುವೆ ಈ ಅಂಚು ಕೂರಲು ಗೊತ್ತಾದ ಅಂತರವಿರಬೇಕು. ದುರಸ್ತಿಯ ಕಾಲದಲ್ಲಿ ಒಂದರ ಬೋಲ್ಟು ಇನ್ನೊಂದಕ್ಕೆ ಸೇರಿದ್ದರೆ ಆ ಅಂತರವು ಮೀರಿರಬಹುದು. ಆಗ ಹಿತ್ತಾಳೆಯ ಕೋಶವು ಹರಿದು, ಬಿಸಿ ಅನಿಲವು ಹಾರಿಸುವವನ ಮುಖದತ್ತ ನುಗ್ಗಬಹುದು. ಬೋಲ್ಟಿನ ಮೇಲೆ ಹೊಡೆದುಹಾಕಿದ ಹಳೆಯ ಸಂಖ್ಯೆಯೂ ಪಕ್ಕದಲ್ಲಿ ಹೊಸ ಸಂಖ್ಯೆಯೂ ಕಂಡರೆ ಸಂಗ್ರಾಹಕನು ಅದನ್ನು ಕುತೂಹಲದ ವಿಷಯವೆಂದಷ್ಟೇ ಅಲ್ಲ, ಎಚ್ಚರಿಕೆಯೆಂದೂ ಓದಬೇಕು.

ಒಂದು ಅಭ್ಯಾಸ

ಈಗ ಒಂದು ಬಂದೂಕನ್ನು ಕಲ್ಪಿಸಿಕೊಳ್ಳೋಣ. ನಳಿಕೆಯ ಮೇಲೆ 'ವಿ.ಕೆ.ಟಿ. ೧೯೪೨', ಚೌಕದಲ್ಲಿ 'ಎಸ್.ಎ.', ಜೊತೆಗೆ 'ಡಿ'. ರಿಸೀವರಿನ ಬಾಲದಲ್ಲಿ ಶಾತೆಲ್‌ರೋ, ೧೮೯೩. ಬೋಲ್ಟಿನ ಮೇಲೆ ಇಷೆವ್‌ಸ್ಕಿನ ಬಿಲ್ಲುಬಾಣ. ಮರವು ಬರ್ಚ್ ಜಾತಿಯದು. ಎರಡು ತುಂಡುಗಳನ್ನು ಎರಡೂ ಕೈಗಳ ಬೆರಳು ಹೆಣೆದಂತೆ ಹಲ್ಲುಹಲ್ಲಾಗಿ ಕೂಡಿಸಲಾಗಿದೆ.

ಇದರಿಂದ ತಿಳಿಯುವುದೇನು? ರಿಸೀವರು ೧೮೯೩ರಲ್ಲಿ ಫ್ರಾನ್ಸಿನಲ್ಲಿ ರಷ್ಯಕ್ಕಾಗಿ ತಯಾರಾಯಿತು. ಮುಂದೆ ಅದು ಫಿನ್ಲೆಂಡನ್ನು ಸೇರಿತು. ಸುಮಾರು ಅರ್ಧ ಶತಮಾನದ ಬಳಿಕ ಹೊಸ ನಳಿಕೆಯನ್ನೂ ಹೊಸ ಮರವನ್ನೂ ಪಡೆದು ಎಂ/೩೯ ಆಯಿತು. ಬೋಲ್ಟು ಇನ್ನೊಂದು ಬಂದೂಕಿನಿಂದ ಬಂದದ್ದು. ಮರದ ಕೂಡಿಕೆಯು ಫಿನ್ಲೆಂಡಿನ ಬಡಗಿಯ ಕೆಲಸ. ಉದ್ದನೆಯ ಒಂದೇ ತುಂಡು ತೇವಕ್ಕೂ ಚಳಿಗೂ ಬಾಗಿ ನಳಿಕೆಯನ್ನು ಒತ್ತುವ ಸಂಭವವು ಇದರಿಂದ ಕಡಿಮೆಯಾಗುತ್ತದೆ. ಆದರೆ ಈ ಬಂದೂಕು ಯಾವ ಕದನದಲ್ಲಿತ್ತು, ಯಾರ ಹೆಗಲ ಮೇಲಿತ್ತು ಎಂಬುದನ್ನು ಈ ಮುದ್ರೆಗಳು ಹೇಳುವುದಿಲ್ಲ. ಪ್ರಸಿದ್ಧ ಗುರಿಕಾರ ಸಿಮೋ ಹಾಯ್ಹಾ ಎಂ/೨೮-೩೦ ಮಾದರಿಯನ್ನು ಬಳಸಿದನೆಂಬುದು ನಿಜ. ಆದರೆ ಅದೇ ಮಾದರಿಯ ಬೇರೊಂದು ಬಂದೂಕಿಗೆ ಆ ಕೀರ್ತಿಯ ಬೆಲೆಯನ್ನು ಕಟ್ಟುವುದು ವ್ಯಾಪಾರವೇ ಹೊರತು ವಿಜ್ಞಾನವಲ್ಲ.

ಖೋಟಾ ಮುದ್ರೆಗಳನ್ನು ಪತ್ತೆಹಚ್ಚಲು ಭೂಗರ್ಭಶಾಸ್ತ್ರದ ಒಂದು ತತ್ತ್ವವು ನೆರವಾಗುತ್ತದೆ: ಮೇಲಿನ ಪದರ ಕೆಳಗಿನದಕ್ಕಿಂತ ಹೊಸದು. ಉಕ್ಕಿಗೆ ಕಪ್ಪು ಲೇಪನ ಕೊಡುವ ಮೊದಲೇ ಒತ್ತಿದ ಅಕ್ಷರದ ಗುಳಿಯೊಳಗೂ ಲೇಪನವಿರುತ್ತದೆ. ಲೇಪನದ ಬಳಿಕ ಒತ್ತಿದ್ದರೆ ಅಂಚಿನಲ್ಲಿ ಲೇಪನ ಒಡೆದು ಬರಿಯ ಲೋಹ ಕಾಣುತ್ತದೆ. ಈ ಕಾರಣದಿಂದಲೇ ಹಳೆಯ ಬಂದೂಕಿನ ಮರವನ್ನು ಉಜ್ಜಿ ಹೊಳಪೇರಿಸುವುದೂ ಲೋಹಕ್ಕೆ ಹೊಸ ಲೇಪನ ಕೊಡುವುದೂ ಸಲ್ಲದು. ಅದು ಹಸ್ತಪ್ರತಿಯ ಅಕ್ಷರಗಳನ್ನು ಅಳಿಸಿ ಓಲೆಯನ್ನು ಶುಭ್ರಗೊಳಿಸಿದಂತೆ.

ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಆದರೆ ಓದುವ ವಿದ್ಯೆಗೆ ಪರವಾನಗಿ ಬೇಕಿಲ್ಲ. ವಸ್ತುಸಂಗ್ರಹಾಲಯದ ಗಾಜಿನ ಆಚೆಯಿರುವ ಬಂದೂಕು ಸಾಕು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ದುರಸ್ತಿಗೊಂಡ ಲೀ-ಎನ್‌ಫೀಲ್ಡ್ ಬಂದೂಕುಗಳಲ್ಲಿ ಮುಂಬದಿಯ ಮರಕ್ಕೆ ಅಡ್ಡಲಾಗಿ ಹಾಕಿದ ಒಂದು ತಿರುಪು ಕಾಣುತ್ತದೆ. ಮರ ಸೀಳದಂತೆ ಮಾಡಿದ ಉಪಾಯವದು. ಸಂಗ್ರಾಹಕರು ಅದನ್ನು ಇಷಾಪುರದ ತಿರುಪೆಂದೇ ಕರೆಯುತ್ತಾರೆ. ಮುಂದೆ ಅಂಥ ಬಂದೂಕೊಂದು ಕಣ್ಣಿಗೆ ಬಿದ್ದಾಗ ಅದರ ಹೆಸರುಪಟ್ಟಿಯನ್ನು ಓದುವ ಮೊದಲು ಆ ತಿರುಪನ್ನು ಹುಡುಕಿ ನೋಡಿರಿ. ಬಳಿಕ ನಳಿಕೆಯನ್ನೂ ಮರವನ್ನೂ ಗುರಿಪಟ್ಟಿಯನ್ನೂ ಒಂದೊಂದಾಗಿ ವಿಚಾರಿಸಿರಿ. ಅವುಗಳ ಉತ್ತರಗಳು ಒಂದಕ್ಕೊಂದು ಹೊಂದದ ಕಡೆಯಲ್ಲಿಯೇ ಆ ಬಂದೂಕಿನ ಇತಿಹಾಸವು ತೆರೆದುಕೊಳ್ಳುತ್ತದೆ.