ರೈತ ಕಂಪನಿಯ ಕಚೇರಿಯಲ್ಲಿ ಕೃತಕ ಬುದ್ಧಿಮತ್ತೆ



ಕಳೆದ ಮುಂಗಾರಿನ ಆರಂಭದಲ್ಲಿ ರೈತ ಉತ್ಪಾದಕರ ಕಂಪನಿಯೊಂದರ ಕಾರ್ಯನಿರ್ವಾಹಕರು ಒಂದು ಹಾಳೆ ಹಿಡಿದು ನನ್ನಲ್ಲಿಗೆ ಬಂದರು. ಮುಸುಕಿನ ಜೋಳದ ಸಾಲುಗಳ ನಡುವೆ ತೊಗರಿ ಬಿತ್ತುವ ಸದಸ್ಯರಿಗೆ ಹಂಚಲು ಬರೆಸಿದ ಬೇಸಾಯ ಸೂಚನೆ ಅದು. ಭಾಷೆ ಸೊಗಸಾಗಿತ್ತು, ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೆ ಬಿತ್ತನೆಯ ಮರುದಿನ ಅಟ್ರಜಿನ್ ಸಿಂಪಡಿಸಬೇಕೆಂದು ಅದರಲ್ಲಿತ್ತು. ಅಟ್ರಜಿನ್ ಮುಸುಕಿನ ಜೋಳಕ್ಕೆ ಸುರಕ್ಷಿತ, ತೊಗರಿಗೆ ಮಾರಕ. ಇಂತಹ ಅಂತರ ಬೆಳೆಯಲ್ಲಿ ಎರಡೂ ಬೆಳೆ ತಾಳಬಲ್ಲ ಪೆಂಡಿಮೆಥಾಲಿನ್‌ನಂತಹ ಕಳೆನಾಶಕವನ್ನೇ ಆರಿಸಬೇಕು. ಹಾಳೆಯನ್ನು ಹಂಚಿದ್ದರೆ ಆ ವರ್ಷ ಎಷ್ಟೋ ಮನೆಗಳಿಗೆ ತೊಗರಿ ಬರುತ್ತಿರಲಿಲ್ಲ.

ಬರೆದವರಾರೆಂದು ಕೇಳಿದೆ. ಮೊಬೈಲಿನಲ್ಲಿ ಪ್ರಶ್ನೆ ಹಾಕಿದೆವು, ಅದೇ ಬರೆದುಕೊಟ್ಟಿತು ಎಂದರು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂದ ಮೇಲೆ ಇಂತಹ ಸಾಧನಗಳು ಹಲವಾರು ಬಂದಿವೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರಿಸುತ್ತವೆ. ವ್ಯಾಪಾರ ವಹಿವಾಟಿನಲ್ಲಿ ಇವುಗಳಿಂದ ಪ್ರಯೋಜನವಿದೆ. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇವು ಕೆಲಸ ಮಾಡುವ ರೀತಿಯನ್ನು ಮೊದಲು ತಿಳಿಯಬೇಕು.

ಈ ಯಂತ್ರವು ಅಪಾರ ಬರಹವನ್ನು ಓದಿಸಿಕೊಂಡು, ಯಾವ ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಕಲಿತಿರುತ್ತದೆ. ಉತ್ತರವನ್ನು ಕಟ್ಟುವುದು ಆ ಆಧಾರದ ಮೇಲೆಯೇ. ಹೆಚ್ಚಾಗಿ ಬರೆದಿರುವುದನ್ನು ಚೆನ್ನಾಗಿ ಹೇಳುತ್ತದೆ, ಅಪರೂಪದ್ದರಲ್ಲಿ ಎಡವುತ್ತದೆ. ಮುಸುಕಿನ ಜೋಳದ ಕಳೆ ನಿಯಂತ್ರಣದ ಬರಹಗಳಲ್ಲಿ ಹೆಚ್ಚಿನವು ಶುದ್ಧ ಬೆಳೆಯನ್ನು ಕುರಿತವು. ಆದ್ದರಿಂದ ಅಟ್ರಜಿನ್ ಬಂತು. ನಡುವಿನ ತೊಗರಿ ಅದರ ಕಣ್ಣಿಗೆ ಬೀಳಲಿಲ್ಲ. ಎಡವಿದಾಗಲೂ ಅದರ ದನಿ ತಗ್ಗುವುದಿಲ್ಲ ಎಂಬುದೇ ಎಚ್ಚರಿಕೆಯ ಸಂಗತಿ.

ಕಾನೂನಿನ ವಿಷಯದಲ್ಲಿಯೂ ಹೀಗೆಯೇ. ನಿಮ್ಮದು ಉತ್ಪಾದಕರ ಕಂಪನಿ. ಸದಸ್ಯರೆಲ್ಲ ವ್ಯಕ್ತಿಗಳೇ ಆಗಿದ್ದಲ್ಲಿ, ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸಾಮಾನ್ಯ ಸಭೆಗೆ ಕನಿಷ್ಠ 14 ದಿನ ಮುಂಚೆ ನೋಟೀಸು ಕೊಡಬೇಕು. ಇತರ ಕಂಪನಿಗಳಲ್ಲಿ ಸಾಮಾನ್ಯವಾಗಿ ಷೇರಿಗೆ ತಕ್ಕ ಮತ, 21 ದಿನಗಳ ನೋಟೀಸು. ಜಗತ್ತಿನಲ್ಲಿ ಹೆಚ್ಚು ಬರಹವಿರುವುದು ಈ ಎರಡನೆಯ ಬಗೆಯ ಕಂಪನಿಗಳ ಬಗ್ಗೆ. ನಿಮ್ಮ ಕಂಪನಿ ಯಾವ ಬಗೆಯದೆಂದು ತಿಳಿಸದೆ ನಿಯಮ ಕೇಳಿದರೆ ಆ ನಿಯಮವೇ ಬಂದೀತು. ನೋಟೀಸು ಒಂದು ವಾರ ಮುಂಚೆ ಹೋದರೆ ನಷ್ಟವೇನಿಲ್ಲ. ನಿರ್ದೇಶಕರ ಚುನಾವಣೆಯಲ್ಲಿ ಷೇರಿನ ಲೆಕ್ಕಕ್ಕೆ ಮತ ಎಣಿಸಿದರೆ ಊರು ಎರಡಾಗುತ್ತದೆ.

ಯಾವ ಕೆಲಸಕ್ಕೆ ಹಚ್ಚಬಹುದು?

ವಿಷಯ ನಿಮ್ಮದು, ಬರವಣಿಗೆ ಮಾತ್ರ ಅದರದು ಎನ್ನುವ ಕೆಲಸಗಳಿಗೆ. ಪಶು ಆಹಾರದ ಕಾರ್ಖಾನೆಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಪತ್ರ ಬರೆಯಬೇಕಾಗಿದೆ ಎನ್ನಿ. "ಪತ್ರ ಬರೆ" ಎಂದಷ್ಟೇ ಹೇಳಬೇಡಿ. "ನಮ್ಮಲ್ಲಿ 120 ಕ್ವಿಂಟಲ್ ಮುಸುಕಿನ ಜೋಳವಿದೆ, ತೇವಾಂಶ ಶೇ. 14, ತೂಕ ನಮ್ಮ ಗೋದಾಮಿನಲ್ಲಿಯೇ ಆಗಬೇಕು, ಲಾರಿ ಬಾಡಿಗೆ ಕೊಳ್ಳುವವರದು, ಹಣ 7 ದಿನದೊಳಗೆ ಬರಬೇಕು, ಇದಿಷ್ಟನ್ನೇ ಬರೆ, ಬೇರೇನನ್ನೂ ಸೇರಿಸಬೇಡ" ಎಂದು ಹೇಳಿ. ಬಂದ ಪತ್ರವನ್ನು ಪುನಃ ಕನ್ನಡಕ್ಕೆ ತಿರುಗಿಸಲು ಹೇಳಿ, ನೀವು ಕೊಟ್ಟ ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಹಣ ಪಾವತಿಯ ಷರತ್ತು ಹಾಗೆಯೇ ಉಳಿದಿದೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರೊಬ್ಬರಿಗೆ ತೋರಿಸಿದರೆ ಇನ್ನೂ ಒಳ್ಳೆಯದು. ಸಭೆಯ ನಡಾವಳಿ, ನೋಟೀಸು, ಬ್ಯಾಂಕಿಗೆ ಅರ್ಜಿ ಇವಕ್ಕೂ ಇದೇ ಕ್ರಮ. ಗೊಬ್ಬರದ ದರಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸಿಕೊಡುವುದೂ ಅದಕ್ಕೆ ಸಾಧ್ಯ. ಕೂಡಿ ಕಳೆಯುವುದನ್ನು ಮಾತ್ರ ನೀವೇ ಕ್ಯಾಲ್ಕುಲೇಟರಿನಲ್ಲಿ ಮಾಡಿರಿ.

ಬೆಳೆಯ ಹೆಸರನ್ನು ಪೂರ್ತಿಯಾಗಿ ಬರೆಯುವುದು ಲೇಸು. ನಮ್ಮಲ್ಲಿಯೇ ಒಂದು ಕಡೆ ಮುಸುಕಿನ ಜೋಳ, ಇನ್ನೊಂದು ಕಡೆ ಮೆಕ್ಕೆಜೋಳ, ಧಾರವಾಡದ ಕಡೆ ಗೋವಿನಜೋಳ. ಬರೀ ಜೋಳವೆಂದರೆ ಬಿಳಿಜೋಳಕ್ಕೆ ಉತ್ತರ ಬಂದರೂ ಅದನ್ನು ದೂರುವಂತಿಲ್ಲ.

ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಹಣಿ ವಿವರಗಳನ್ನು ಅದರಲ್ಲಿ ಹಾಕಕೂಡದು.

ಹೊಣೆ ಯಾರದು ಎಂಬ ಪ್ರಶ್ನೆ ಈಗಾಗಲೇ ಒಂದು ದೇಶದಲ್ಲಿ ತೀರ್ಮಾನವಾಗಿದೆ. ಏರ್ ಕೆನಡಾ ವಿಮಾನ ಕಂಪನಿಯ ಜಾಲತಾಣದಲ್ಲಿ ಉತ್ತರ ಕೊಡುವ ಗಣಕವ್ಯವಸ್ಥೆಯು ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಅದರ ಮಾತಿಗೆ ಅದೇ ಹೊಣೆ ಎಂಬಂತೆ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿಯ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಕಂಪನಿಯೇ ಹಣ ಕೊಡಬೇಕೆಂದು ಆದೇಶಿಸಿತು. ನಿಮ್ಮ ಕಂಪನಿಯ ಹೆಸರಿನಲ್ಲಿ ಹಂಚಿದ ಹಾಳೆಗೂ ಸದಸ್ಯರು ನಿಮ್ಮನ್ನೇ ಕೇಳುತ್ತಾರೆ.

ಆದುದರಿಂದ ಮೊದಲು ಒಂದೇ ಕೆಲಸ ಆರಿಸಿಕೊಳ್ಳಿ, ಪತ್ರವ್ಯವಹಾರವೆನ್ನಿ. ಒಂದು ತಿಂಗಳು ನಡೆಸಿ. ಎಷ್ಟು ಸಮಯ ಉಳಿಯಿತು, ಎಷ್ಟು ತಪ್ಪು ಸಿಕ್ಕಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ತಿದ್ದುವುದಕ್ಕೇ ಹೆಚ್ಚು ಹೊತ್ತು ಹಿಡಿದರೆ ನಿಲ್ಲಿಸಿಬಿಡಿ, ಸಂಕೋಚ ಬೇಡ. ಹಣ ಕಟ್ಟುವ ಯೋಜನೆಗೆ ಸೇರುವ ಯೋಚನೆ ಆ ನಂತರದ್ದು.

ಔಷಧಿಯ ಪ್ರಮಾಣವನ್ನು ಮಾತ್ರ ಅದರಿಂದ ಬರೆಸಬೇಡಿ. ಶಿಫಾರಸುಗಳನ್ನು ಹಲವೆಡೆ ಸಕ್ರಿಯ ಅಂಶದ ಲೆಕ್ಕದಲ್ಲಿ ಹೆಕ್ಟೇರಿಗೆ ಬರೆದಿರುತ್ತದೆ. ಹೆಕ್ಟೇರಿಗೆ 1 ಕಿ.ಗ್ರಾಂ. ಸಕ್ರಿಯ ಅಂಶವೆಂದರೆ, ಶೇ. 50ರ ಪುಡಿಯಾದಲ್ಲಿ ಹೆಕ್ಟೇರಿಗೆ 2 ಕಿ.ಗ್ರಾಂ., ಎಕರೆಗೆ ಸುಮಾರು 800 ಗ್ರಾಂ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಬೆಳೆ ಸುಡುತ್ತದೆ, ಇಲ್ಲವೇ ಕಳೆ ಉಳಿಯುತ್ತದೆ. ಡಬ್ಬಿಯ ಮೇಲಿನ ಚೀಟಿ ಓದಿ, ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿ, ಅಥವಾ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ, ಅಂತರ ಬೆಳೆ ಯಾವುದೆಂಬುದನ್ನೂ ಸೇರಿಸಿ ಕೇಳಿರಿ.