ಅಪ್ಪನ ಆಯಸ್ಸಿಗೂ ನನ್ನ ಮದುವೆಗೂ

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ನನಗೆ 19. ಮಧುಗಿರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಅಪ್ಪನಿಗೆ 54. ಜಮೀನನ್ನು 2016ರಲ್ಲೇ ಸೋಲಾರ್ ಪಾರ್ಕ್‌ಗೆ ಕೊಟ್ಟಿದ್ದಾರೆ. ಶಿರಾ ಕಡೆಯ ಜ್ಯೋತಿಷಿಯೊಬ್ಬರು ಜಾತಕ ನೋಡಿ, '58 ದಾಟೋದು ಕಷ್ಟ' ಅಂದರಂತೆ. ನಮ್ಮಜ್ಜನೂ 58ಕ್ಕೇ ಹೋದರು. ಜ್ಯೋತಿಷಿ ಹಾಗಂದಾಗಿನಿಂದ ಅಪ್ಪ ಪ್ರತಿ ಶನಿವಾರ ಶನಿದೇವರ ಗುಡಿಗೆ ಹೋಗ್ತಾರೆ, 'ಕಣ್ಮುಚ್ಚೋದ್ರೊಳಗೆ ನಿನ್ನ ಮದುವೆ ನೋಡ್ಬೇಕು' ಅಂತ ಕೊರಟಗೆರೆಯ ಮಾವನ ಮಗನನ್ನು ಗೊತ್ತು ಮಾಡಿದ್ದಾರೆ. ಆಯಸ್ಸು ತಿಳಿಸುವ ಪೆಟ್ಟಿಗೆಗಳ ಇಂಗ್ಲಿಷ್ ಕಾದಂಬರಿ ಓದಿದ ಮೇಲಂತೂ ನಿದ್ದೆಯೇ ಇಲ್ಲ. ಓದು ಬಿಡಬೇಕಾ ಮೇಡಂ?

ಉತ್ತರ: ಬಿಡಬೇಡಮ್ಮ. ನಿನ್ನ ಒಪ್ಪಿಗೆಯಿಲ್ಲದೆ ಯಾರೂ ನಿನಗೆ ತಾಳಿ ಕಟ್ಟುವಂತಿಲ್ಲ, ಇದು ಕಾನೂನಿನ ಮಾತು.

ನೀನು ಓದಿದ್ದು ನಿಕ್ಕಿ ಎರ್ಲಿಕ್ ಅವರ 'ದಿ ಮೆಷರ್' ಇರಬೇಕು, 2022ರದ್ದು. 22 ತುಂಬಿದವರಿಗೆಲ್ಲ ಒಂದು ಬೆಳಗ್ಗೆ ಒಂದೊಂದು ಪೆಟ್ಟಿಗೆ ಬಂದಿರುತ್ತದೆ, ಒಳಗಿನ ದಾರ ಎಷ್ಟುದ್ದವೋ ಆಯಸ್ಸೂ ಅಷ್ಟೇ. ದಾರ ಗಿಡ್ಡವಾದವರನ್ನು ಉಳಿದವರು ದೂರವಿಡತೊಡಗುವ ಭಾಗ ಓದುವಾಗ ನನಗೂ ಹೊಟ್ಟೆ ತೊಳೆಸಿತು. ಆದರೆ ಕಥೆಯ ದಾರ ಸುಳ್ಳಾಡುವುದಿಲ್ಲ. ಜ್ಯೋತಿಷಿಗಳ ಬಗ್ಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಹಾಗಂತ ಅಪ್ಪನೆದುರು ಅವರನ್ನು ಹಳಿಯಬೇಡ. ಅಪ್ಪನನ್ನು ಜಾತಕಕ್ಕಿಂತ ಅಜ್ಜನ ಸಾವೇ ಹೆಚ್ಚು ಕಾಡುತ್ತಿದೆ ಅಂತ ನನಗನ್ನಿಸುತ್ತದೆ. ಅಜ್ಜ ಹೇಗೆ ಹೋದರು ಅಂತ ಕೇಳು. ಎದೆ ಹಿಡಿದುಕೊಂಡು ಕುಸಿದರಾ? ಲಕ್ವ ಹೊಡೆಯಿತಾ? ಸಕ್ಕರೆ ಕಾಯಿಲೆ ಇತ್ತಾ? ಇಂಥವು ಮನೆತನದಲ್ಲಿ ಇಳಿದು ಬರುವುದುಂಟು, ಬೇಗ ಗೊತ್ತಾದರೆ ಹತೋಟಿಯಲ್ಲಿಡಬಹುದು. ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ 30 ದಾಟಿದವರಿಗೆ ಬಿ.ಪಿ., ಸಕ್ಕರೆ ಪುಕ್ಕಟೆ ನೋಡುತ್ತಾರೆ.

ಸೋಲಾರ್ ವಿಷಯವನ್ನು ನೀನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ, ನಾನು ಅಲ್ಲೇ ನಿಂತೆ. ತಿರುಮಣಿ ಸುತ್ತಿನ ಐದೂರುಗಳ ಸುಮಾರು 13,000 ಎಕರೆ ಹೋದದ್ದು 28 ವರ್ಷದ ಗುತ್ತಿಗೆಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ. ಸಹಿ ಹಾಕುವಾಗ ಅಪ್ಪನಿಗೆ 45, ಕರಾರು ಮುಗಿಯುವಾಗ 73. ಅವತ್ತು ಜಾತಕ ತೋರಿಸಿಕೊಂಡು ಬಂದು ಸಹಿ ಹಾಕಿದರಾ? 'ಅಪ್ಪಾ, ಕೊನೇ ವರ್ಷದ ದುಡ್ಡು ಯಾರು ಈಸ್ಕೊಳ್ಳೋದು?' ಅಂತ ನಗುನಗುತ್ತಲೇ ಕೇಳಿ ನೋಡು. ನಕ್ಕರೆ, ಡಿಗ್ರಿ ಮುಗಿಯೋವರೆಗೆ ಮದುವೆ ಮಾತು ಬೇಡ ಅನ್ನು. ಬೈದರೆ ಅಮ್ಮನನ್ನು ಮುಂದೆ ಬಿಡು. ಮಾವನ ಮಗನಿಗೂ ಒಂದು ಫೋನು ಮಾಡು, ಅವನಿಗೂ ಈ ಅವಸರ ಬೇಕಾಗಿದೆಯೋ ಇಲ್ಲವೋ.

ಬರುವ ಶನಿವಾರ ನೀನೂ ಅಪ್ಪನ ಜೊತೆ ಗುಡಿಗೆ ಹೋಗು. ಎಳ್ಳೆಣ್ಣೆ ದೀಪ ಹಚ್ಚುವವರೆಗೆ ಅವರು ಏನೂ ತಿನ್ನುವುದಿಲ್ಲವಾದರೆ ಒಳ್ಳೆಯದೇ ಆಯಿತು, ಸಕ್ಕರೆ ಪರೀಕ್ಷೆಗೂ ಖಾಲಿ ಹೊಟ್ಟೆಯೇ ಬೇಕು. ಗುಡಿಯಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗು. ರಕ್ತ ಕೊಟ್ಟ ಮೇಲೆ ತಿನ್ನಲು ಡಬ್ಬಿಯಲ್ಲಿ ಚಿತ್ರಾನ್ನ ಇರಲಿ.